ಬಲಗಾಲಿನಿಂದ ಕಲಿಸಿದ ಜೈವ್

1998ರ ಡಿಸೆಂಬರ್ 20ರ ಭಾನುವಾರ ಮಧ್ಯಾಹ್ನ ಮೂರೂವರೆಗೆ, ವಾಡಿಯ ರೈಲ್ವೆ ಕಾಲೋನಿಯ ಹಾಲ್‌ನಲ್ಲಿ, ನನ್ನ ಅಕ್ಕ ಸಿಕಂದರಾಬಾದಿನಿಂದ ಬಂದಿದ್ದ ನೃತ್ಯ ಶಿಕ್ಷಕಿಯೊಬ್ಬರ ಕೈ ಹಿಡಿದು ಜೈವ್ ಆರಂಭಿಸಿದಳು. ಮೊದಲ ಎಂಟು ಎಣಿಕೆ ಮುಗಿಯುವುದರೊಳಗೆ ಇಬ್ಬರೂ ಒಬ್ಬರನ್ನೊಬ್ಬರು ವಿರುದ್ಧ ದಿಕ್ಕಿಗೆ ಎಳೆದಿದ್ದರು. ಎರಡನೇ ಸಲ ಮೊಣಕಾಲಿಗೆ ಮೊಣಕಾಲು ತಾಗಿತು. ಮೂರನೇ ಸಲ ಶಿಕ್ಷಕಿ ಕೈ ಬಿಟ್ಟು, ಟೇಪ್ ನಿಲ್ಲಿಸಲು ಹೇಳಿದರು.

ಜೈವ್ ಎನ್ನುವುದು ಸ್ವಿಂಗ್ ನೃತ್ಯಗಳಲ್ಲಿ ಒಂದು. ಇಬ್ಬರು ಎದುರುಬದುರು ನಿಂತು ಕೈ ಹಿಡಿದು ಕುಣಿಯುತ್ತಾರೆ. ಒಬ್ಬರು ನಡೆಸುತ್ತಾರೆ, ಇನ್ನೊಬ್ಬರು ಅನುಸರಿಸುತ್ತಾರೆ. ನಡೆಸುವವರು ಎಡಗಾಲನ್ನು ಹಿಂದಕ್ಕಿಟ್ಟು ಆರಂಭಿಸಬೇಕು, ಅನುಸರಿಸುವವರು ಬಲಗಾಲನ್ನು. ಎದುರುಬದುರಾಗಿರುವುದರಿಂದ ಎರಡೂ ಒಂದೇ ಬದಿಗೆ ಬರುತ್ತವೆ. ಆ ದಿನ ನಡೆಸುವ ಜಾಗದಲ್ಲಿ ನಿಂತಿದ್ದ ಅಕ್ಕ ಬಲಗಾಲನ್ನು ಹಿಂದಕ್ಕಿಟ್ಟಳು. ನಾಲ್ಕು ವರ್ಷ ಹಾಗೆಯೇ ಇಟ್ಟಿದ್ದಳು, ಮೂರು ವರ್ಷ ಹಾಗೆಯೇ ಕಲಿಸಿದ್ದಳು. ಅದು ತಪ್ಪು ಎಂಬುದು ನನಗೆ ಹನ್ನೆರಡು ದಿನ ಮೊದಲೇ ಗೊತ್ತಿತ್ತು.

ನಾವು ಚಿತ್ತಾಪುರದವರು. ಅಪ್ಪ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾಗಿದ್ದರು. ಬೆಳಿಗ್ಗೆ ರಾಯರ ಮಠದಲ್ಲಿ ಪೂಜೆಯ ಕೆಲಸಕ್ಕೆ ಹೋಗುತ್ತಿದ್ದರು. ಅಮ್ಮ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅಕ್ಕ ವಾಡಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಟೀಚರ್. ಬೆಳಗಿನ ಪ್ಯಾಸೆಂಜರ್‌ಗೆ ಹೋಗಿ ಸಂಜೆಯ ಗಾಡಿಗೆ ಬರುತ್ತಿದ್ದಳು. ನಾನು ಕಲಬುರಗಿಯ ದಿನಪತ್ರಿಕೆಯೊಂದಕ್ಕೆ ಚಿತ್ತಾಪುರ, ಸೇಡಂ, ಚಿಂಚೋಳಿ ತಾಲ್ಲೂಕುಗಳ ಸುದ್ದಿ ಕಳಿಸುತ್ತಿದ್ದೆ. ಬರೆದ ಹಾಳೆ ಮತ್ತು ಫೋಟೋಗಳನ್ನು ಕವರಿಗೆ ಹಾಕಿ ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ, ಸಂಜೆ ಆಫೀಸಿನವರು ಬಸ್ ಸ್ಟ್ಯಾಂಡಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು.

ಅಕ್ಕ ಈ ನೃತ್ಯಕ್ಕೆ ಹೋದದ್ದು ಶಾಲೆಯ ಗ್ಯಾದರಿಂಗ್‌ನಿಂದ. 1994ರ ವಾರ್ಷಿಕ ಗ್ಯಾದರಿಂಗ್‌ಗೆ ಪ್ರತಿ ತರಗತಿಯೂ ಒಂದು ಕುಣಿತ ಹಾಕಬೇಕೆಂದು ಹೆಡ್‌ಮಾಸ್ತರರು ಹೇಳಿದ್ದರು. ಕೋಲಾಟವನ್ನು ಆಗಲೇ ಇಬ್ಬರು ಟೀಚರ್‌ಗಳು ಹಿಡಿದುಕೊಂಡಿದ್ದರು. ರೈಲ್ವೆ ಕಾಲೋನಿಯ ಹಿಂದಿನ ಓಣಿಯಲ್ಲಿ ಬಾಡಿಗೆಗಿದ್ದ ಒಬ್ಬ ಆಂಗ್ಲೋ ಇಂಡಿಯನ್ ಮುದುಕಿಗೆ ಕುಣಿಯಲು ಬರುತ್ತದೆ ಎಂದು ಯಾರೋ ಹೇಳಿದರು. ಅವರ ಗಂಡ ಮೇಲ್ ಗಾಡಿಯ ಡ್ರೈವರ್ ಆಗಿದ್ದವರು, ತೀರಿಕೊಂಡಿದ್ದರು. ಊರೆಲ್ಲ ಅವರನ್ನು ಆಂಟಿ ಎನ್ನುತ್ತಿತ್ತು.

ಆಂಟಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಂಡಿ ಬಾತು, ಎದ್ದು ನಿಲ್ಲುವುದೇ ಕಷ್ಟವಾಗಿತ್ತು. ಮೊದಲ ದಿನ ಅಕ್ಕ ಹೋದಾಗ ಅವರು ಹೇಳಿದ ಮಾತನ್ನು ಅಕ್ಕ ಮನೆಯಲ್ಲಿ ಅವರದೇ ಧಾಟಿಯಲ್ಲಿ ಹೇಳಿ ನಗಿಸಿದ್ದಳು.

"ಕಣ್ಣು ಇಲ್ಲ, ಕಾಲು ಇಲ್ಲ. ಕುಣೀಲಿಕ್ಕ ಏನ್ ಉಳದದ ಬೇಟಿ? ಕಿವಿ ಅದಾವ. ಕುಂದ್ರು."

ಆಂಟಿ ಕಲಿಸಿದ್ದು ಊಟದ ಮೇಜಿನ ಮೇಲೆ. ಎರಡು ಅಂಗೈಗಳನ್ನು ಮೇಜಿನ ಮೇಲೆ ಇಟ್ಟು, ಅವೇ ಎರಡು ಪಾದಗಳೆಂದು ತಿಳಿ ಎಂದರು. ಮೊದಲು ಗಂಡಸಿನ ಹೆಜ್ಜೆ ಕಲಿ, ಅದು ಬಂದರೆ ಹೆಂಗಸಿನದು ತಾನೇ ಬರುತ್ತದೆ ಎಂದು ತಮ್ಮ ಗಂಡ ಇಡುತ್ತಿದ್ದ ಹೆಜ್ಜೆಗಳನ್ನು ತೋರಿಸಿದರು. ಎಡ ಅಂಗೈಯನ್ನು ಹಿಂದಕ್ಕೆ ಎಳೆದರು. ಎದುರಿಗೆ ಕುಳಿತಿದ್ದ ಅಕ್ಕ, ಕನ್ನಡಿಯಲ್ಲಿ ನೋಡಿದ ಹಾಗೆ, ಆ ಕೈಗೆ ನೇರ ಎದುರಿಗಿದ್ದ ತನ್ನ ಬಲ ಅಂಗೈಯನ್ನು ಹಿಂದಕ್ಕೆ ಎಳೆದಳು. ಆಂಟಿಗೆ ಅದು ಕಾಣಲಿಲ್ಲ. ಅಕ್ಕನಿಗೆ ಸಂಶಯವೂ ಬರಲಿಲ್ಲ. ನಮ್ಮ ಮನೆಯಲ್ಲಿ ಹೊಸಿಲು ದಾಟುವಾಗ, ಗುಡಿಯ ಮೆಟ್ಟಿಲು ಹತ್ತುವಾಗ, ಹೊಸ ಮನೆಗೆ ಕಾಲಿಡುವಾಗ ಬಲಗಾಲೇ ಮೊದಲು. ಆರಂಭ ಬಲಗಾಲಿನಿಂದ ಎಂಬುದು ಅವಳಿಗೆ ಕಲಿಯಬೇಕಾದ ವಿಷಯವೇ ಆಗಿರಲಿಲ್ಲ.

ಗ್ಯಾದರಿಂಗ್ ಮುಗಿಯಿತು. ಅಕ್ಕ ಹೋಗುವುದು ನಿಲ್ಲಲಿಲ್ಲ. ಆಂಟಿಯ ಮಗಳು ಸಿಕಂದರಾಬಾದಿನಿಂದ ಬರೆಯುತ್ತಿದ್ದ ಪತ್ರಗಳನ್ನು ಓದಿ ಹೇಳುವುದು, ಮೇಜಿನ ಎದುರು ಕೂರುವುದು, ಆಮೇಲೆ ಎದ್ದು ನಿಂತು ಕುರ್ಚಿಯ ಬೆನ್ನು ಹಿಡಿದು ಕುಣಿಯುವುದು. ಒಂದು ವರ್ಷದ ಹೊತ್ತಿಗೆ ಕಾಲೋನಿಯ ಕೆಲವರು ನಮಗೂ ಹೇಳಿಕೊಡಿ ಎಂದು ಬಂದರು: ರೈಲ್ವೆ ಆಸ್ಪತ್ರೆಯ ಒಬ್ಬ ನರ್ಸ್, ಸಿಗ್ನಲ್ ವಿಭಾಗದ ಇಬ್ಬರು, ಸಿಮೆಂಟ್ ಕಾರ್ಖಾನೆಯ ಒಬ್ಬ ಗುಮಾಸ್ತ ಮತ್ತು ಅವನ ಹೆಂಡತಿ. ಮುಂದೆ ಅವರು ಹನ್ನೊಂದು ಮಂದಿಯಾದರು. ಹಾಲ್ ಸಮಿತಿಯವರು ಆಂಟಿಯ ಹೆಸರಿನಲ್ಲಿ ಶನಿವಾರ ಮಧ್ಯಾಹ್ನ ಹಾಲ್ ಬಿಟ್ಟುಕೊಟ್ಟರು.

ಹಾಲ್‌ಗೆ ಶಹಾಬಾದ್ ಕಲ್ಲಿನ ನೆಲ. ಅದರ ಮೇಲೆ ಸಿಮೆಂಟಿನ ಧೂಳು ಯಾವಾಗಲೂ ಇರುತ್ತಿತ್ತು. ಮೊದಲು ಒರೆಸಿ, ನಂತರ ಕಾಲು ಜಾರಲೆಂದು ಟಾಲ್ಕಂ ಪೌಡರ್ ಉದುರಿಸುತ್ತಿದ್ದರು. ಆಂಟಿ ಗೋಡೆ ಬದಿಯ ಕುರ್ಚಿಯಲ್ಲಿ ಕೂತು ಕಲ್ಲಿನ ಮೇಲೆ ಕಾಲು ಬೀಳುವ ಸಪ್ಪಳ ಕೇಳುತ್ತಿದ್ದರು. ತಾಳ ತಪ್ಪಿದರೆ ಯಾರದು ಎಂದು ಸರಿಯಾಗಿ ಹೇಳುತ್ತಿದ್ದರು.

"ಏ ಸಿಗ್ನಲ್, ನಿನ್ನ ಗಾಡಿ ಲೇಟ್ ಬರಲಿಕತ್ತದ."

"ಬಾಜೂದವ್ರು ಮೊದ್ಲೇ ಬಿಟ್ಟಾರ್ರಿ ಆಂಟಿ."

"ಬಾಜೂದವ್ರ ಮ್ಯಾಲ ಹಾಕಬ್ಯಾಡ. ಮದುವಿ ಆದ ಮ್ಯಾಲೂ ಹಿಂಗೇ ಹೇಳ್ತಿ ನೀ."

ಸಪ್ಪಳದಲ್ಲಿ ಎಡಗಾಲು ಬಲಗಾಲು ಗೊತ್ತಾಗುವುದಿಲ್ಲ. ಅಕ್ಕ ಗಂಡಸರಿಗೆ ಬಲಗಾಲು, ಹೆಂಗಸರಿಗೆ ಎಡಗಾಲು ಹೇಳಿಕೊಟ್ಟಿದ್ದಳು. ಎಲ್ಲರದೂ ಅದಲುಬದಲು ಆಗಿದ್ದರಿಂದ ಅವರವರಲ್ಲಿ ಯಾರ ಕಾಲಿಗೂ ಯಾರ ಕಾಲೂ ತಾಗುತ್ತಿರಲಿಲ್ಲ. ಹೊರಗಿನವರು ಯಾರೂ ಬಂದು ಕುಣಿದಿರಲಿಲ್ಲ. ಮೂರು ವರ್ಷ ಹೀಗೆ ನಡೆಯಿತು.

ಅಪ್ಪನಿಗೆ ಹೇಳಿದ್ದು ಶನಿವಾರ ಟ್ಯೂಷನ್ ಎಂದು. ಅಕ್ಕ ಸೀರೆ ಉಟ್ಟು ಹೋಗಿ ಆಂಟಿಯ ಮನೆಯಲ್ಲಿ ಚೂಡಿದಾರ್ ಹಾಕಿಕೊಳ್ಳುತ್ತಿದ್ದಳು. ನನಗೆ ಗೊತ್ತಿತ್ತು. ಅಪ್ಪ ಒಂದೆರಡು ಸಲ ನನ್ನನ್ನು ಕೇಳಿದರು.

"ಟ್ಯೂಷನ್ನಿಗೆ ಎಷ್ಟು ಹುಡುಗ್ರು ಬರ್ತಾವಂತ?"

"ಹನ್ನೊಂದು ಮಂದಿ."

ಅದು ಸುಳ್ಳಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ.

1998ರ ಅಕ್ಟೋಬರಿನಲ್ಲಿ ಆಂಟಿಯ ಮಗಳು ತಾಯಿಯನ್ನು ಸಿಕಂದರಾಬಾದಿಗೆ ಕರೆದುಕೊಂಡು ಹೋಗುವುದಾಗಿ ಬರೆದಳು. ಜನವರಿಯಲ್ಲಿ ಹೊರಡುವುದು ಎಂದಾಯಿತು. ಆಂಟಿ ಹೋದರೆ ಹಾಲ್ ಯಾರ ಹೆಸರಿನಲ್ಲಿ ಕೊಡುವುದು ಎಂಬ ಪ್ರಶ್ನೆ ಬಂತು. ಸಮಿತಿಯವರು ಒಂದು ಮಾತು ಹೇಳಿದರು: ಸಿಕಂದರಾಬಾದಿನಲ್ಲಿ ಈ ನೃತ್ಯ ಕಲಿಸುವವರ ಗುಂಪಿದೆ; ಅವರು ಡಿಸೆಂಬರಿನಲ್ಲಿ ಬಂದು ನೋಡಿ ಅಕ್ಕನನ್ನು ಶಿಕ್ಷಕಿ ಎಂದು ಒಪ್ಪಿದರೆ ಹಾಲ್ ಮುಂದುವರಿಯುತ್ತದೆ, ಇಲ್ಲವಾದರೆ ಜನವರಿಗೆ ಕ್ಲಾಸು ಮುಗಿಯಿತು. ಅಕ್ಕನಿಗೆ ಆಗ ಮೂವತ್ತೊಂದು. ಅದೇ ತಿಂಗಳು ಸೇಡಂನಿಂದ ಒಂದು ಸಂಬಂಧ ಬಂದಿತ್ತು. ಕಾಲೇಜಿನಲ್ಲಿ ಉಪನ್ಯಾಸಕರು, ಮಠದ ಬಳಕೆ ಇದ್ದ ಮನೆ. ಅಕ್ಕ ಹೂಂ ಎಂದಿರಲಿಲ್ಲ, ಊಹೂಂ ಎಂದೂ ಹೇಳಿರಲಿಲ್ಲ.

"ಅವ್ರಿಗೆ ಏನಂತ ಹೇಳಲಿ?" ಎಂದು ಅಪ್ಪ ಕೇಳಿದಾಗ "ಡಿಸೆಂಬರ್ ಮುಗೀಲಿ" ಎಂದಳು. ಡಿಸೆಂಬರ್ ಯಾಕೆ ಎಂದು ಅಪ್ಪ ಕೇಳಲಿಲ್ಲ.

ನನ್ನ ಪತ್ರಿಕೆಯ ಭಾನುವಾರದ ಪುರವಣಿಗೆ ಈ ಕ್ಲಾಸಿನ ಬಗ್ಗೆ ಬರೆಯಬೇಕೆಂದು ನಾನು ಯೋಚಿಸಿದ್ದೆ. ಡಿಸೆಂಬರ್ 5ರ ಶನಿವಾರ ಹಾಲ್‌ನಲ್ಲಿ ಒಂದು ರೋಲು ಫೋಟೋ ತೆಗೆದೆ. ಆಂಟಿಯ ಮನೆಯ ಗೋಡೆಯಲ್ಲಿದ್ದ ಹಳೆಯ ಚಿತ್ರವನ್ನೂ ಕ್ಯಾಮೆರಾದಲ್ಲಿ ಹಿಡಿದುಕೊಂಡೆ. ಅದರಲ್ಲಿ ಆಂಟಿ ಮತ್ತು ಅವರ ಗಂಡ ಕುಣಿಯುತ್ತಿದ್ದರು. ಶಹಾಬಾದಿನ ಸ್ಟುಡಿಯೋದಲ್ಲಿ ತೊಳೆಸಿ, 8ರ ಮಂಗಳವಾರ ಪ್ರಿಂಟು ತಂದೆ. ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಶೀರ್ಷಿಕೆ ಬರೆಯಲು ಕೂತಾಗ ಕಾಲು ಕಂಡವು. ಆಂಟಿಯ ಗಂಡನ ಎಡಗಾಲು ಹಿಂದಿತ್ತು. ಸಿಮೆಂಟ್ ಕಾರ್ಖಾನೆಯ ಗುಮಾಸ್ತನ ಬಲಗಾಲು ಹಿಂದಿತ್ತು.

ಸ್ಟುಡಿಯೋದವರು ನೆಗೆಟಿವ್ ಉಲ್ಟಾ ಇಟ್ಟು ಪ್ರಿಂಟ್ ಹಾಕಿರಬೇಕು ಎಂದುಕೊಂಡೆ. ಹಾಗೆ ಆಗುವುದುಂಟು, ಮಂತ್ರಿಯೊಬ್ಬರು ಎಡಗೈಯಲ್ಲಿ ದೀಪ ಹಚ್ಚಿದ ಚಿತ್ರ ಅಚ್ಚಾಗಿ ನನ್ನ ಪತ್ರಿಕೆಯವರು ಬೈಸಿಕೊಂಡಿದ್ದರು. ಅಂದಿನಿಂದ ಪ್ರಿಂಟು ಬಂದ ಕೂಡಲೇ ಅಂಗಿಯ ಕಿಸೆ ನೋಡುವುದು ನನ್ನ ರೂಢಿ. ಕಿಸೆ ತೊಟ್ಟವರ ಎಡಕ್ಕಿದ್ದರೆ ನೆಗೆಟಿವ್ ಸರಿ. ಗುಮಾಸ್ತನ ಕಿಸೆ ಎಡಕ್ಕೇ ಇತ್ತು. ಆಂಟಿಯ ಗಂಡನ ಕೋಟಿನ ಕಿಸೆಯೂ ಎಡಕ್ಕಿತ್ತು. ರೋಲಿನ ಉಳಿದ ಚಿತ್ರಗಳನ್ನೂ ನೋಡಿದೆ. ನಡೆಸುವವರೆಲ್ಲರೂ ಬಲಗಾಲು ಹಿಂದಿಟ್ಟಿದ್ದರು. ಅಕ್ಕ ಸಹ. ಕೆಂಪು ಪೆನ್ಸಿಲಿನಿಂದ ಆ ಕಾಲುಗಳಿಗೆ ಸುತ್ತು ಹಾಕಿ, ಹಿಂದೆ ತಾರೀಖು ಬರೆದು, ಕವರಿಗೆ ಹಾಕಿದೆ.

ಆ ರಾತ್ರಿ ಊಟಕ್ಕೆ ಕೂತಾಗ ಹೇಳಬಹುದಿತ್ತು, ಅಪ್ಪ ಎದುರಿಗಿದ್ದರು. ಮರುದಿನ ಸ್ಟೇಷನ್ನಿಗೆ ಅವಳ ಜೊತೆ ನಡೆದು ಹೋಗಿ ಹೇಳಬಹುದಿತ್ತು. ಹೋಗಲಿಲ್ಲ. ಗುರುವಾರ ಚಿಂಚೋಳಿಯಲ್ಲಿ ಒಂದು ಸಭೆ ಇತ್ತು, ವರದಿಗೆ ಹೋದೆ. ರಾತ್ರಿ ಅಲ್ಲಿಯೇ ಉಳಿಯಬೇಕಾದ ಅಗತ್ಯ ಇರಲಿಲ್ಲ, ಉಳಿದೆ. ಕಾರಣಗಳನ್ನು ಇಲ್ಲಿ ಇರುವ ಹಾಗೆ ಬರೆಯುತ್ತೇನೆ. ಒಂದು, ಅವಳಿಗೆ ಒಪ್ಪಿಗೆ ಸಿಗದಿದ್ದರೆ ಸೇಡಂನವರಿಗೆ ಹೂಂ ಎನ್ನಬಹುದು ಎಂದು ನಾನು ಅಂದುಕೊಂಡಿದ್ದೆ. ಎರಡು, ಒಪ್ಪಿಗೆ ಸಿಕ್ಕರೆ ಪುರವಣಿಯಲ್ಲಿ ಅವಳ ಹೆಸರು ಹಾಕಿ ಬರೆಯಬೇಕಾಗುತ್ತಿತ್ತು, ಅದನ್ನು ಮಠದವರು ಓದುತ್ತಿದ್ದರು. ಹೇಳಬಾರದೆಂದು ಒಂದು ದಿನವೂ ನಿರ್ಧರಿಸಲಿಲ್ಲ. ದಿನಗಳು ಹೋದವು.

ಸಿಕಂದರಾಬಾದಿನಿಂದ ಬಂದವರು ಗಂಡ ಹೆಂಡತಿ, ಇಬ್ಬರಿಗೂ ಐವತ್ತು ದಾಟಿತ್ತು. ಗಂಡ ಶಹಾಬಾದಿನಲ್ಲಿ ಹುಟ್ಟಿದವರು. ತಂದೆ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುತ್ತಿದ್ದರಂತೆ. ಇವರು ರೈಲ್ವೆಯಲ್ಲಿ ಕೆಳದರ್ಜೆಯ ಖಲಾಸಿಯಾಗಿ ಸೇರಿ, ಆಫೀಸರುಗಳು ಕುಣಿಯುವ ಹಾಲ್‌ನ ಕಿಟಕಿಯಲ್ಲಿ ನಿಂತು ನೋಡಿ ಹೆಜ್ಜೆ ಕಲಿತರು. ಹೆಂಡತಿ ಆ ಹಾಲ್‌ನೊಳಗೆ ಕುಣಿಯುತ್ತಿದ್ದವರಲ್ಲಿ ಒಬ್ಬರ ಮಗಳು. ಒಂದು ದಿನ ಆಕೆಯ ಜೊತೆ ಕುಣಿಯುವವರು ಬರಲಿಲ್ಲ, ಕಿಟಕಿಯಲ್ಲಿ ನಿಂತಿದ್ದ ಇವರನ್ನು ಒಳಗೆ ಕರೆದರು. ಇದನ್ನೆಲ್ಲ ಅವರೇ ಚಹಾ ಕುಡಿಯುತ್ತ ಹೇಳಿದರು. ಶಹಾಬಾದಿನ ಕನ್ನಡ ಅವರಿಗೆ ಮರೆತಿರಲಿಲ್ಲ.

ಅಕ್ಕನ ಜೊತೆ ಹೆಂಡತಿ ಮೂರು ಸಲ ಪ್ರಯತ್ನಿಸಿದ್ದನ್ನು ಮೊದಲೇ ಹೇಳಿದೆ. ಆಮೇಲೆ ಗಂಡ ಅಕ್ಕನನ್ನು ತಾವೇ ನಡೆಸಲು ನೋಡಿದರು. ಇಬ್ಬರೂ ಎಡಗಾಲು ಎತ್ತಿದರು. ಅವರು ನಿಂತು, ತಲೆ ಬಗ್ಗಿಸಿ ಅವಳ ಪಾದ ನೋಡಿದರು. ನಂತರ ನರ್ಸ್ ಜೊತೆ, ಗುಮಾಸ್ತನ ಹೆಂಡತಿಯ ಜೊತೆ. ಪ್ರತಿಯೊಂದು ಸಲವೂ ಅದೇ.

"ಈಗ ನೀವು ನೀವೇ ಕುಣೀರಿ" ಎಂದರು.

ಹನ್ನೊಂದು ಮಂದಿ ಮತ್ತು ಅಕ್ಕ ಆರು ಜೋಡಿಯಾಗಿ ಕುಣಿದರು. ಒಂದು ಹೆಜ್ಜೆಯೂ ತಪ್ಪಲಿಲ್ಲ. ಆಂಟಿ ಕುರ್ಚಿಯಲ್ಲಿ ತಲೆದೂಗುತ್ತಿದ್ದರು.

ಟೇಪ್ ನಿಂತ ಮೇಲೆ ಗಂಡ ಅಕ್ಕನ ಹತ್ತಿರ ಬಂದರು. "ಭಾಳ ಚಂದ ಕುಣಿತಾರ್ರಿ ಇವ್ರು. ತಾಳ ಅದ, ನಗಿ ಅದ. ಆದ್ರ ಇವ್ರ ಜೋಡಿ ಇವ್ರೇ ಕುಣೀಬೇಕು. ವಾಡಿ ಸ್ಟೇಷನ್ ದಾಟಿದ್ರ ಯಾರ ಜೋಡಿನೂ ಕುಣೀಲಿಕ್ಕಾಗಂಗಿಲ್ಲ. ಎಲ್ಲಾರಿಗೂ ಕಾಲು ಉಲ್ಟಾ ಕಲಿಸೀರಿ."

"ಬಲಗಾಲಿಂದನೇ ಅಲ್ಲೇನ್ರಿ ಶುರು ಮಾಡೋದು?" ಎಂದು ಅಕ್ಕ ಕೇಳಿದಳು.

"ಅಲ್ರಿ."

ಆಂಟಿ ಏನಾಯಿತು ಎಂದು ಕೇಳಿದರು. ಅಕ್ಕನೇ ಹೋಗಿ ಹೇಳಿದಳು. ಅವರು ಎರಡೂ ಅಂಗೈಗಳನ್ನು ತೊಡೆಯ ಮೇಲೆ ಇಟ್ಟು ಎಡಗೈಯನ್ನು ಹಿಂದಕ್ಕೆ ಎಳೆದರು.

"ನಾ ಇದನ್ನೇ ತೋರಿಸಿದ್ದೆ ಬೇಟಿ."

"ಹೌದ್ರಿ ಆಂಟಿ. ನಾ ಎದುರಿಗೆ ಕೂತಿದ್ದೆ."

"ಬಾಜೂಕ ಕುಂದ್ರಿಸಬೇಕಿತ್ತು ನಿನಗ. ನನ್ನ ತಪ್ಪು."

"ನಿಮ್ದಲ್ರಿ."

ಬಂದವರು ಒಂದು ದಾರಿ ಹೇಳಿದರು. ಅಕ್ಕ ಪ್ರತಿ ಭಾನುವಾರ ಸಿಕಂದರಾಬಾದಿಗೆ ಬಂದು ಮೊದಲಿನಿಂದ ಕಲಿಯಬೇಕು. ಕಾಲಿಗೆ ಕೂತ ಅಭ್ಯಾಸ ಬಿಡಿಸುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ, ಆರು ತಿಂಗಳಾದರೂ ಬೇಕು. ಆಮೇಲೆ ಮತ್ತೆ ನೋಡೋಣ. ಅಲ್ಲಿಯವರೆಗೆ ಹಾಲ್ ಕಾಯ್ದಿಡಲು ಆಗುವುದಿಲ್ಲ ಎಂದು ಸಮಿತಿಯವರು ಹೇಳಿದರು. ಅದು ಸಂಜೆ ಐದಕ್ಕೆ. ಐದೂವರೆಗೆ ಹಾಲ್‌ಗೆ ಬೀಗ ಹಾಕಿದರು. ಗಾಡಿಯಲ್ಲಿ ಚಿತ್ತಾಪುರಕ್ಕೆ ಬರುವವರೆಗೂ ಅಕ್ಕ ಸೀಟಿನ ಕೆಳಗೆ ಎಡಗಾಲನ್ನು ಹಿಂದಕ್ಕೆ ಸರಿಸಿ, ಮತ್ತೆ ಮುಂದಕ್ಕೆ ತರುತ್ತಿದ್ದಳು.

ಎರಡು ದಿನದ ಮೇಲೆ, ಮಧ್ಯಾಹ್ನ ನಾನು ಕೋರ್ಟಿನ ವರದಿ ಮುಗಿಸಿ ಮನೆಗೆ ಬಂದಾಗ, ಅಕ್ಕ ನನ್ನ ಮೇಜಿನ ಹತ್ತಿರ ಕೂತಿದ್ದಳು. ಶಾಲೆಗೆ ರಜೆ ಹಾಕಿದ್ದಳು. ತನ್ನ ಕಾಲನ್ನು ತಾನೇ ಒಮ್ಮೆ ನೋಡಬೇಕೆಂದು ನಾನು ತೆಗೆದ ಫೋಟೋಗಳನ್ನು ಹುಡುಕಿದ್ದಳು. ಕವರ್ ತೆರೆದಿತ್ತು. ಕೆಂಪು ಸುತ್ತು ಹಾಕಿದ ಪ್ರಿಂಟು ಬೋರಲಾಗಿ ಬಿದ್ದಿತ್ತು. ಹಿಂದೆ "8-12-98. ನೆಗೆಟಿವ್ ಸರಿ ಇದೆ. ಕಿಸೆ ನೋಡಿದೆ" ಎಂದಿತ್ತು.

"ಇದು ನಿನ್ನ ಅಕ್ಷರ ಅಲ್ಲೇನು?"

"ಹೌದು."

"ಎಂಟನೇ ತಾರೀಖು ಅಂತ ಬರದೀದಿ."

"ಹೌದು."

"ಹನ್ನೆರಡು ದಿನ. ನಾ ಅವ್ರಿಗೆ ಪತ್ರ ಬರದು ಜನವರಿಗೆ ಬರ್ರಿ ಅಂತಿದ್ದೆ. ಆಂಟಿ ಇದ್ದಾಗನೇ ತಿದ್ದಿಕೋತಿದ್ದೆ."

"ಹನ್ನೆರಡು ದಿನದಾಗ ಏನೂ ಆಗ್ತಿರಲಿಲ್ಲ ಅಕ್ಕಾ."

"ಅದನ್ನ ನಾ ಹೇಳಬೇಕಿತ್ತು. ನೀ ಅಲ್ಲ."

ಅವಳು ಪ್ರಿಂಟನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದಳು.

"ಸೇಡಂನವರ ಸಲುವಾಗಿ ಏನು?"

"ಅದೂ ಇತ್ತು."

"ಪೇಪರಿನವ್ರು ಅಲ್ಲೇನು ನೀವು. ಊರ ಮಂದಿ ತಪ್ಪು ಎಲ್ಲಾ ಬೆಳಗಾಗೂದ್ರಾಗ ಅಚ್ಚು ಹಾಕ್ತೀರಿ. ಮನ್ಯಾಗಿಂದು ಕವರಿನಾಗ."

ಅವಳು ಎದ್ದು ಒಳಗೆ ಹೋದಳು. ಅಪ್ಪ ಪಡಸಾಲೆಯಲ್ಲಿದ್ದರು. ಅವರಿಗೆ ಎಲ್ಲ ಕೇಳಿಸಿತ್ತು. ಸಂಜೆ ನನ್ನನ್ನು ಕರೆದು, ಏನು ನಡೆಯಿತೆಂದು ಮೊದಲಿನಿಂದ ಹೇಳು ಎಂದರು. ಹೇಳಿದೆ. ಟ್ಯೂಷನ್ನಿನ ಸುಳ್ಳು ಕೇಳಿ ಮುಖ ಗಟ್ಟಿಯಾಯಿತು.

"ಕುಣಿಯೋದು ನನಗ ಸೇರಂಗಿಲ್ಲ. ಅದು ಬ್ಯಾರೆ ಮಾತು. ಮಾಸ್ತರು ತಪ್ಪು ಪಾಠ ಹೇಳಲಿಕತ್ತಾರ ಅಂತ ಗೊತ್ತಿದ್ದೂ ಹಿಂದಿನ ಬೆಂಚಿನ ಮ್ಯಾಲ ಸುಮ್ಮ ಕೂತೀದಿ. ಮೂವತ್ತಾರು ವರ್ಷ ಪಾಠ ಹೇಳೀನಿ. ನಿನ್ನಂಥವ್ರನ್ನ ನೋಡೀನಿ."

ಅಪ್ಪ ಅಕ್ಕನ ಜೊತೆಗೂ ಮೂರು ವಾರ ಮಾತಾಡಲಿಲ್ಲ.

ಪುರವಣಿಯ ಲೇಖನ ನಾನು ಕಳಿಸಲಿಲ್ಲ. ಆಂಟಿ ಜನವರಿ ಎರಡನೇ ವಾರ ಹೊರಟರು. ಕುರ್ಚಿ, ಮೇಜು, ಗೋಡೆಯ ಚಿತ್ರ ಎಲ್ಲವನ್ನೂ ಗಾಡಿಯ ಸಾಮಾನಿನ ಡಬ್ಬಿ ಬ್ರೇಕ್‌ವ್ಯಾನಿನಲ್ಲಿ ಹಾಕಿದರು. ಅಕ್ಕ ಅವರ ಜೊತೆ ಚಿತ್ತಾಪುರದವರೆಗೆ ಅದೇ ಗಾಡಿಯಲ್ಲಿ ಬಂದು ಇಳಿದಳು. ಸೇಡಂನವರಿಗೆ ತಾನೇ ಪತ್ರ ಬರೆದು ಬೇಡ ಎಂದಳು. ಫೆಬ್ರುವರಿಯಿಂದ ಪ್ರತಿ ಭಾನುವಾರ ನಸುಕಿನಲ್ಲಿ ಸಿಕಂದರಾಬಾದಿನ ಗಾಡಿ ಹತ್ತಿದಳು. ಅಪ್ಪ ತಡೆಯಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಬುತ್ತಿ ಅವಳೇ ಕಟ್ಟಿಕೊಳ್ಳುತ್ತಿದ್ದಳು. ಆರು ತಿಂಗಳಲ್ಲಿ ಆಗಲಿಲ್ಲ. ನವೆಂಬರಿನಲ್ಲಿ ಅವಳನ್ನು ಶಿಕ್ಷಕಿ ಎಂದು ಒಪ್ಪಿದರು. ಅಷ್ಟರಲ್ಲಿ ವಾಡಿಯ ಹಾಲ್‌ನ ಶನಿವಾರ ಮಧ್ಯಾಹ್ನ ಹೊಲಿಗೆ ತರಗತಿಗೆ ಹೋಗಿತ್ತು. ಹನ್ನೊಂದು ಮಂದಿಯಲ್ಲಿ ಇಬ್ಬರಿಗೆ ವರ್ಗವಾಗಿತ್ತು. ಉಳಿದವರಿಗೆ ಕಾಲು ಬದಲಿಸಿಕೊಡುತ್ತೇನೆ ಎಂದು ಅಕ್ಕ ಮನೆಮನೆಗೆ ಹೋಗಿ ಹೇಳಿದಳು. ನರ್ಸ್ ಒಬ್ಬರೇ ಬಂದರು.

2000ದ ಜೂನ್‌ನಲ್ಲಿ ಅಕ್ಕ ಶಾಲೆಯ ಕೆಲಸ ಬಿಟ್ಟು ಸಿಕಂದರಾಬಾದಿಗೆ ಹೋದಳು. ಅಲ್ಲಿ ಒಂದು ಶಾಲೆಯಲ್ಲಿ ಕೆಲಸ ಹಿಡಿದಳು. ಆಂಟಿ 2002ರಲ್ಲಿ ತೀರಿಕೊಂಡರು. ಆ ಸುದ್ದಿ ಅಪ್ಪನಿಗೆ ಅಕ್ಕ ಬರೆದ ಪತ್ರದಿಂದ ಗೊತ್ತಾಯಿತು. ನಾನು ಅಕ್ಕನಿಗೆ ಒಂದು ಪತ್ರ ಬರೆದೆ, ಉತ್ತರ ಬರಲಿಲ್ಲ. 2004ರಲ್ಲಿ ಇನ್ನೊಂದು ಬರೆದೆ, ಅದಕ್ಕೂ ಬರಲಿಲ್ಲ.

2008ರ ಏಪ್ರಿಲ್‌ನಲ್ಲಿ ಅಪ್ಪ ಅವಳ ಮನೆಗೆ ಹೋಗಿ ಎಂಟು ದಿನ ಇದ್ದು ಬಂದರು. ಹೊಸಬರಿಗೆ ವಾರಕ್ಕೆ ಎರಡು ದಿನ ಕ್ಲಾಸು ತೆಗೆದುಕೊಳ್ಳುತ್ತಾಳೆ, ಎಲ್ಲರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಳಿಕೊಡುತ್ತಾಳೆ ಎಂದರು. ನನ್ನ ಬಗ್ಗೆ ಅವಳು ಕೇಳಲಿಲ್ಲವಂತೆ.